ತಿದ್ದುವ ಮಾತು

(ನಮ್ಮ ವಿದ್ಯಾಸಂಸ್ಥೆಯ ವಾರ್ಷಿಕೋತ್ಸವದ ಅಂಗವಾಗಿ ನಡೆದ ಪಾಲಕರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಾರ್ಷಿಕೋತ್ಸವದ ದಿನ ಮುಖ್ಯೋಪಾಧ್ಯಾಯನಾದವನು ವಿದ್ಯೆಯ ಮಹಿಮೆಯನ್ನೋ ಮಾತೃಭಾಷೆಯ ಮಹತ್ವವನ್ನೋ ಕುರಿತು ಮಾತನಾಡುವುದು ವಾಡಿಕೆ. ಆ ವಿಷಯಗಳು ಎಂದಿಗೂ ಹಳತಾಗತಕ್ಕವಲ್ಲ. ಆದರೂ ಈ ವರ್ಷ ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ನಮ್ಮ ಕೈಕೆಳಗೆ ಕೆಲಸ ಮಾಡುವವರ ತಪ್ಪನ್ನು ತಿದ್ದುವುದು ಹೇಗೆ, ಅವರು ಚೆನ್ನಾಗಿ ಮಾಡಿದುದನ್ನು ಅವರಿಗೆ ತಿಳಿಸುವುದು ಹೇಗೆ, ಎರಡರಿಂದಲೂ ಅವರು ಬೆಳೆಯುವಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಆ ವಿಷಯ.

ಇದು ಶಾಲೆಯಲ್ಲಿ ಆಡತಕ್ಕ ಮಾತೇ ಎಂದು ಕೆಲವರಿಗೆ ಸಂದೇಹ ಬರಬಹುದು. ನಮ್ಮ ಹೊಸೂರು ಸೀಮೆ ಒಂದು ಕಾಲಕ್ಕೆ ರಾಗಿ, ಅವರೆ, ಹುರುಳಿಗಳ ನಾಡಾಗಿತ್ತು. 1971ರಲ್ಲಿ ತಮಿಳುನಾಡು ಸರ್ಕಾರವು ಸಿಪ್ಕಾಟ್ ಎಂಬ ಕೈಗಾರಿಕಾ ನಿಗಮವನ್ನು ಸ್ಥಾಪಿಸಿತು. ಅನಂತರದ ವರ್ಷಗಳಲ್ಲಿ ನಮ್ಮೂರಿನ ಅಂಚಿನಲ್ಲಿ ಅದರ ಕೈಗಾರಿಕಾ ಪ್ರದೇಶ ಬೆಳೆಯಿತು. ಇಂದು ಇಲ್ಲಿ ಮೋಟಾರು ವಾಹನಗಳೂ ಕೈಗಡಿಯಾರಗಳೂ ಯಂತ್ರದ ಬಿಡಿಭಾಗಗಳೂ ತಯಾರಾಗುತ್ತವೆ; ಸುತ್ತಲಿನ ಹಸಿರುಮನೆಗಳಲ್ಲಿ ಬೆಳೆದ ಗುಲಾಬಿ ದೂರದ ಪೇಟೆಗಳಿಗೆ ಹೋಗುತ್ತದೆ. ಈ ಸಭೆಯಲ್ಲಿ ಕುಳಿತಿರುವ ಪಾಲಕರಲ್ಲಿ ಅನೇಕರು ಬೆಳಗಿನ ಪಾಳಿಯನ್ನು ಮುಗಿಸಿ ನೇರವಾಗಿ ಇಲ್ಲಿಗೆ ಬಂದವರು. ಇಬ್ಬರು ಆಳುಗಳನ್ನಿಟ್ಟುಕೊಂಡು ಗೋಡೆ ಕಟ್ಟಿಸುವ ಮೇಸ್ತ್ರಿ, ಹತ್ತು ಮಂದಿ ಹೆಂಗಸರಿಗೆ ಹೂ ಕೊಯ್ಯುವ ಕೆಲಸ ಹಂಚುವ ತಾಯಿ, ಹೊಸ ಹುಡುಗನನ್ನು ಯಂತ್ರದ ಪಕ್ಕದಲ್ಲಿ ನಿಲ್ಲಿಸಿಕೊಂಡ ಫಿಟ್ಟರ್, ಇವರೆಲ್ಲರೂ ಒಂದು ಅರ್ಥದಲ್ಲಿ ಗುರುಸ್ಥಾನದಲ್ಲಿರುವವರೇ. ಇನ್ನು ನನ್ನೆದುರಿಗೆ ನೆಲದ ಮೇಲೆ ಕುಳಿತಿರುವ ಈ ಮಕ್ಕಳು ಐದಾರು ವರ್ಷಗಳಲ್ಲಿ ಅಂಥವರ ಕೈಕೆಳಗೆ ಹೋಗಿ ನಿಲ್ಲುವವರು. ಆದುದರಿಂದ ಈ ವಿಷಯ ನಮ್ಮೆಲ್ಲರಿಗೂ ಸೇರಿದ್ದು.

ಇಂದಿನ ಕಾರ್ಖಾನೆ, ಕಚೇರಿಗಳಲ್ಲಿ ಇಂಥ ಗುರುವನ್ನು ‘ಕೋಚ್’ ಎಂದು ಕರೆಯುವುದು ರೂಢಿಯಾಗಿದೆ. ಈ ಪದದ ಚರಿತ್ರೆ ಸ್ವಾರಸ್ಯವಾದುದು. ಹಂಗೇರಿ ದೇಶದಲ್ಲಿ ಕೊಚ್ ಎಂಬುದೊಂದು ಹಳ್ಳಿ. ಹದಿನೈದನೆಯ ಶತಮಾನದಲ್ಲಿ ಅಲ್ಲಿ ತಯಾರಾದ ಕುದುರೆಗಾಡಿಗಳು ಯುರೋಪಿನಲ್ಲೆಲ್ಲ ಹೆಸರಾದುವು. ಹಳ್ಳಿಯ ಹೆಸರೇ ಗಾಡಿಯ ಹೆಸರಾಯಿತು. ನಾವು ರೈಲಿನಲ್ಲಿ ಹುಡುಕುವ ಕೋಚ್ ಕೂಡ ಅದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ವಿಶ್ವವಿದ್ಯಾನಿಲಯದ ಹುಡುಗರು, ತಮ್ಮನ್ನು ಪರೀಕ್ಷೆಯೆಂಬ ಊರಿಗೆ ಹೊತ್ತು ಮುಟ್ಟಿಸುವ ಖಾಸಗಿ ಅಧ್ಯಾಪಕನನ್ನು ತಮಾಷೆಗೆ ‘ಗಾಡಿ’ ಎಂದು ಕರೆದರು. ಅಲ್ಲಿಂದ ಆ ಮಾತು ಆಟದ ಬಯಲಿಗೆ ಹೋಯಿತು. ಟೆನ್ನಿಸ್ ಕಲಿಸುತ್ತಿದ್ದ ತಿಮೊಥಿ ಗಾಲ್ವೆ ಎಂಬ ಅಮೆರಿಕನ್ನನು 1974ರಲ್ಲಿಯೂ, ಕಾರು ಪಂದ್ಯಗಳಲ್ಲಿ ಪಳಗಿದ್ದ ಜಾನ್ ವಿಟ್‌ಮೋರ್ ಎಂಬ ಆಂಗ್ಲನು 1992ರಲ್ಲಿಯೂ ಪ್ರಕಟಿಸಿದ ಪುಸ್ತಕಗಳ ಬಳಿಕ ಅದು ಉದ್ಯೋಗದ ಜಗತ್ತಿನಲ್ಲೂ ಬಲವಾಗಿ ಬೇರೂರಿತು. ಗಾಡಿಯ ಕೆಲಸ ಪ್ರಯಾಣಿಕನನ್ನು ಅವನು ಸೇರಬೇಕಾದ ಊರಿಗೆ ಸೇರಿಸುವುದು. ದಾರಿಯಲ್ಲಿ ಅವನನ್ನು ಕೆಳಕ್ಕೆ ದೂಡಿದರೆ ಅದು ಗಾಡಿಯ ಧರ್ಮಕ್ಕೆ ತಪ್ಪಿದಂತೆ.

ಇಂಥ ಗುರುವು ಆಡುವ ಮಾತಿಗೆ ‘ಫೀಡ್‌ಬ್ಯಾಕ್’ ಎನ್ನುತ್ತಾರೆ. ಪುಸ್ತಕಗಳಲ್ಲಿ ‘ಹಿಮ್ಮಾಹಿತಿ’ ಎಂದು ಬರೆಯುತ್ತಾರೆ. ನನಗಾದರೋ ನಮ್ಮ ‘ತಿದ್ದು’ ಎಂಬ ಮಾತೇ ಹೆಚ್ಚು ಹಿಡಿಸುತ್ತದೆ. ಈ ಮಾತಿಗೆ ಎರಡು ಅರ್ಥಗಳಿವೆಯೆಂಬುದನ್ನು ಗಮನಿಸಬೇಕು. ತಪ್ಪನ್ನು ಸರಿಪಡಿಸುವುದು ಒಂದು. ಮಗು ಮೊದಲ ಬಾರಿಗೆ ಅಕ್ಷರ ಕಲಿಯುವಾಗ ಮಾಡುವ ಕೆಲಸವೂ ತಿದ್ದುವುದೇ. ಉಪಾಧ್ಯಾಯರು ಸ್ಲೇಟಿನ ತುಂಬ ದಪ್ಪವಾಗಿ ‘ಅ’ ಎಂದು ಬರೆದುಕೊಡುತ್ತಾರೆ. ಮಗುವು ಅದರ ಮೇಲೆ ಬಳಪವನ್ನಾಡಿಸುತ್ತ ಹತ್ತು ಸಲ, ಇಪ್ಪತ್ತು ಸಲ ತಿದ್ದುತ್ತದೆ. ಬಳಪ ದಾರಿ ತಪ್ಪಿದಾಗ ಉಪಾಧ್ಯಾಯರು ಕೈ ಹಿಡಿದು ಮತ್ತೆ ದಾರಿಗೆ ತರುತ್ತಾರೆ. ಸ್ವಲ್ಪ ಹೊತ್ತಿಗೆ ಕೈ ಬಿಡುತ್ತಾರೆ. ಆಮೇಲೆ ಸ್ಲೇಟನ್ನು ಒರಸಿ, ‘ಈಗ ನೀನೇ ಬರೆ’ ಎನ್ನುತ್ತಾರೆ. ತಿದ್ದುವುದೆಂದರೆ ಸರಿಯಾದ ರೂಪವನ್ನು ಕಣ್ಣಿಗೆ ಕಾಣಿಸಿ, ಆ ರೂಪದ ಮೇಲೆ ಕೈ ನಡೆಯುವಂತೆ ಮಾಡುವುದು ಎಂದು ನಮ್ಮ ಭಾಷೆಯೇ ಹೇಳುತ್ತಿದೆ. ತಪ್ಪಿನ ಮೇಲೆ ಕೆಂಪು ಗೀಟು ಎಳೆದು ಸುಮ್ಮನಾಗುವವನು ಅರ್ಧ ಕೆಲಸವನ್ನೂ ಮಾಡಿದಂತಾಗಲಿಲ್ಲ.

ಈ ಮಾತು ಎಷ್ಟು ಮಹತ್ವದ್ದೆಂಬುದಕ್ಕೆ ನನಗೆ ತಿಳಿದ ಒಂದು ನಿದರ್ಶನವನ್ನು ಹೇಳುತ್ತೇನೆ. ನಮ್ಮ ಶಾಲೆಯಲ್ಲಿ ಓದಿ, ಐ.ಟಿ.ಐ. ಮುಗಿಸಿ ಒಂದು ಯಂತ್ರಾಗಾರಕ್ಕೆ ಸೇರಿದ ಹುಡುಗನೊಬ್ಬನು ನಾಲ್ಕೇ ತಿಂಗಳಲ್ಲಿ ಕೆಲಸ ಬಿಟ್ಟು ಮನೆಗೆ ಬಂದನು. ಅವನು ಮಾಡಿದ ಲೋಹದ ತುಂಡುಗಳಲ್ಲಿ ಹತ್ತಕ್ಕೆ ಎರಡು ಮೂರು ಅಳತೆ ತಪ್ಪಿ ತಿರಸ್ಕೃತವಾಗುತ್ತಿದ್ದುವು. ಅಲ್ಲಿನ ಮೇಲ್ವಿಚಾರಕರು ಪ್ರತಿ ಸಲವೂ ಎಲ್ಲರ ಮುಂದೆ, ‘ಗಮನವೆಲ್ಲಿದೆಯೋ ನಿನಗೆ? ಕನ್ನಡ ಮೀಡಿಯಮ್ಮಿನವರ ಹಣೆಬರಹವೇ ಇಷ್ಟು’ ಎನ್ನುತ್ತಿದ್ದರಂತೆ. ಅವನ ತಂದೆ ನನ್ನ ಬಳಿಗೆ ಬಂದು, ‘ಮೇಷ್ಟ್ರೇ, ಇವನ ತಂಗಿಯನ್ನಾದರೂ ಇಂಗ್ಲಿಷ್ ಶಾಲೆಗೆ ಹಾಕುತ್ತೇನೆ’ ಎಂದು ಕಣ್ಣಲ್ಲಿ ನೀರು ತಂದುಕೊಂಡರು.

ಕೆಲವು ವಾರಗಳ ಅನಂತರ ಹುಡುಗನು ಬೇರೊಂದು ಸಣ್ಣ ಕಾರ್ಖಾನೆಗೆ ಸೇರಿದನು. ಅಲ್ಲಿಯೂ ಅದೇ ದೋಷ ಕಾಣಿಸಿಕೊಂಡಿತು. ಅಲ್ಲಿನ ಹಿರಿಯ ಕೆಲಸಗಾರರು ತಮಿಳರು. ಹುಡುಗನ ತಮಿಳು ಅರೆಬರೆ. ಅವರು ತಿರಸ್ಕೃತವಾದ ಮೂರು ತುಂಡುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ಅಳತೆಯ ಉಪಕರಣವನ್ನು ಅವನ ಕೈಗೇ ಕೊಟ್ಟರು. ‘ನೋಡಪ್ಪಾ, ಏನು ಕಾಣುತ್ತದೆ?’ ಎಂದು ಕೇಳಿದರು. ಮೂರು ತುಂಡುಗಳೂ ಒಂದೇ ಮಗ್ಗುಲಲ್ಲಿ ದಪ್ಪವಾಗಿದ್ದುವು. ‘ಹಾಗಾದರೆ ತುಂಡು ಕೂತ ಜಾಗವನ್ನು ನೋಡು’ ಎಂದರು. ತುಂಡನ್ನು ಬಿಗಿದು ಕೂರಿಸುವ ಪೀಠದ ಮೂಲೆಯಲ್ಲಿ ಹಿಂದಿನ ತುಂಡಿನಿಂದ ಹಾರಿದ ಲೋಹದ ಚೂರುಗಳು ಅಂಟಿಕೊಂಡಿದ್ದುವು. ಕೂದಲೆಳೆಯಷ್ಟು ತೆಳುವಾದ ಒಂದು ಚೂರು ಅಡಿಯಲ್ಲಿ ಸಿಕ್ಕಿಕೊಂಡರೂ ಸಾಕು, ತುಂಡು ಓರೆಯಾಗಿ ಕುಳಿತು ಅಳತೆ ತಪ್ಪುತ್ತದೆ. ಪ್ರತಿ ಸಲ ಕುಂಚದಿಂದ ಪೀಠವನ್ನು ಗುಡಿಸಿ, ಬಟ್ಟೆಯಿಂದ ಒರಸಿ, ಆಮೇಲೆ ತುಂಡನ್ನು ಕೂರಿಸಬೇಕೆಂದು ಅವರು ತಾವೇ ಎರಡು ಸಲ ಮಾಡಿ ತೋರಿಸಿದರು. ಎರಡು ಸಲ ಅವನಿಂದ ಮಾಡಿಸಿದರು. ಮರುದಿನ ಬೆಳಗ್ಗೆ ಬಂದು ಐದು ತುಂಡುಗಳನ್ನು ಅಳೆದು, ‘ಐದೂ ಸರಿಯಾಗಿವೆ, ಪೀಠ ಒರಸಿದ್ದರ ಫಲ ಇದು’ ಎಂದು ಹೇಳಿ ಹೋದರು. ಹುಡುಗನು ಈಗ ಅಲ್ಲಿ ನೆಮ್ಮದಿಯಿಂದಿದ್ದಾನೆ.

ಮೊದಲನೆಯವರು ಮಾತನಾಡಿದ್ದು ಹುಡುಗನನ್ನು ಕುರಿತು; ಎರಡನೆಯವರು ಮಾತನಾಡಿದ್ದು ಪೀಠದ ಮೇಲಿನ ಚೂರನ್ನು ಕುರಿತು. ಮೊದಲನೆಯವರಿಗೆ ಮಾತು ಧಾರಾಳವಾಗಿ ಬರುತ್ತಿತ್ತು. ಎರಡನೆಯವರಿಗೂ ಹುಡುಗನಿಗೂ ನಡುವೆ ಭಾಷೆಯೇ ಸರಿಯಾಗಿ ಇರಲಿಲ್ಲ. ಆದರೂ ತಿಳಿವಳಿಕೆ ಮುಟ್ಟಿದ್ದು ಎರಡನೆಯವರಿಂದ. ಕನ್ನಡದಲ್ಲಿ ಓದಿದ್ದರಿಂದ ಕೈ ಕೆಟ್ಟಿತೆಂದು ತಂದೆ ನಂಬಿದ್ದರು. ಕೆಟ್ಟದ್ದು ಕಲಿಸಿದ ಬಗೆ. ಗಡಿಯಲ್ಲಿ ಬಾಳುವ ನಮ್ಮ ಮಕ್ಕಳ ಬೆನ್ನಿಗೆ ಇಂಥ ಚೀಟಿಯನ್ನು ಯಾರಾದರೂ ಅಂಟಿಸಿದಾಗ, ಅದು ನಿಜವೋ ಸುಳ್ಳೋ ಎಂದು ಪರೀಕ್ಷಿಸದೆ ನಾವೇ ಅದನ್ನು ಒಪ್ಪಿಕೊಂಡುಬಿಡುತ್ತೇವೆ. ಒಂದು ಒರಟು ಮಾತು ಒಬ್ಬ ಹುಡುಗನ ಉದ್ಯೋಗವನ್ನಷ್ಟೇ ಅಲ್ಲದೆ ಅವನ ತಂಗಿಯ ಶಾಲೆಯನ್ನೂ ನಿರ್ಧರಿಸುವಂತಾಯಿತು ಎಂಬುದನ್ನು ಯೋಚಿಸಿ ನೋಡಿ.

ಎರಡನೆಯ ಹಿರಿಯರು ಅನುಸರಿಸಿದ ಕ್ರಮಕ್ಕೆ ಒಂದು ಇತಿಹಾಸವಿದೆ. ಉಪಾಧ್ಯಾಯರ ತರಬೇತಿ ಪಡೆದವರೆಲ್ಲರಿಗೂ ಜರ್ಮನಿಯ ಹರ್ಬಾರ್ಟ್ ಎಂಬ ಶಿಕ್ಷಣತಜ್ಞನ ಹೆಸರು ಪರಿಚಿತ. ಪಾಠಕ್ಕೆ ಮುಂಚೆ ವಿದ್ಯಾರ್ಥಿಯ ಮನಸ್ಸನ್ನು ಸಿದ್ಧಗೊಳಿಸಬೇಕು, ಅನಂತರ ವಿಷಯವನ್ನು ಮುಂದಿಡಬೇಕು, ಕೊನೆಗೆ ಅದನ್ನು ಪ್ರಯೋಗಿಸುವಂತೆ ಮಾಡಬೇಕು ಎಂದು ಮೊದಲಾಗಿ ಅವನ ಅನುಯಾಯಿಗಳು ಐದು ಸೋಪಾನಗಳನ್ನು ಏರ್ಪಡಿಸಿದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹಡಗುಕಟ್ಟೆಗಳಿಗೆ ಹೊಸ ಕೆಲಸಗಾರರು ಸಾವಿರಗಟ್ಟಲೆ ಬೇಕಾದಾಗ, ಚಾರ್ಲ್ಸ್ ಆ್ಯಲನ್ ಎಂಬ ಶಿಕ್ಷಕನು ಇಂಥದೇ ಸೋಪಾನಗಳನ್ನು ಕೈಕೆಲಸದ ಶಿಕ್ಷಣಕ್ಕೆ ಅಳವಡಿಸಿದನು. 1919ರಲ್ಲಿ ಅದನ್ನು ಕುರಿತು ಗ್ರಂಥವನ್ನೂ ಪ್ರಕಟಿಸಿದನು. ಎರಡನೆಯ ಮಹಾಯುದ್ಧದಲ್ಲಿ, 1940ರಿಂದ 1945ರವರೆಗೆ, ಅಮೆರಿಕದ ಸರ್ಕಾರವು ಇದೇ ತಳಹದಿಯ ಮೇಲೆ ಮೇಲ್ವಿಚಾರಕರಿಗೆ ಹತ್ತು ಹತ್ತು ಗಂಟೆಗಳ ಸಣ್ಣ ಶಿಕ್ಷಣಕ್ರಮಗಳನ್ನು ನಡೆಸಿತು. ಐದು ವರ್ಷಗಳಲ್ಲಿ 17 ಲಕ್ಷಕ್ಕೂ ಹೆಚ್ಚು ಮಂದಿ ಪ್ರಮಾಣಪತ್ರ ಪಡೆದರು. ಯುದ್ಧಾನಂತರ ಈ ಪದ್ಧತಿ ಜಪಾನಿಗೆ ಹೋಗಿ ಅಲ್ಲಿನ ಕಾರ್ಖಾನೆಗಳಲ್ಲಿ ಭದ್ರವಾಗಿ ನೆಲೆಯೂರಿತು.

ಆ ಕ್ರಮದ ಹಂತಗಳು ನಾಲ್ಕು. ಕಲಿಯುವವನ ಅಂಜಿಕೆಯನ್ನು ಕಳೆದು, ಅವನಿಗೆ ಏನು ಗೊತ್ತಿದೆಯೆಂದು ತಿಳಿದುಕೊಳ್ಳುವುದು. ಕೆಲಸವನ್ನು ಒಂದೊಂದೇ ಮೆಟ್ಟಿಲಾಗಿ ಮಾಡಿ ತೋರಿಸುತ್ತ, ಮುಖ್ಯವಾದ ಬಿಂದುಗಳನ್ನು ವಿವರಿಸುವುದು. ಅವನಿಂದಲೇ ಮಾಡಿಸಿ, ತಪ್ಪನ್ನು ಆಗಿಂದಾಗಲೇ ಸರಿಪಡಿಸುವುದು. ಅವನನ್ನು ಸ್ವತಂತ್ರವಾಗಿ ಬಿಟ್ಟು, ಆಗಾಗ ಹೋಗಿ ನೋಡುವುದು. ಸ್ಲೇಟಿನ ಮೇಲೆ ‘ಅ’ ತಿದ್ದಿಸುವ ನಮ್ಮ ಒಂದನೆಯ ತರಗತಿಯ ಉಪಾಧ್ಯಾಯಿನಿಯವರು ದಿನವೂ ಮಾಡುತ್ತಿರುವುದು ಇದನ್ನೇ ಅಲ್ಲವೆ? ಮೇಲ್ವಿಚಾರಕರಿಗೆ ಆ ಕಾಲದಲ್ಲಿ ಬೋಧಿಸುತ್ತಿದ್ದ ಮತ್ತೆ ನಾಲ್ಕು ಸೂತ್ರಗಳೂ ಸ್ಮರಣೀಯವಾದುವು: ಕೆಲಸ ಹೇಗೆ ಸಾಗುತ್ತಿದೆಯೆಂಬುದನ್ನು ಪ್ರತಿಯೊಬ್ಬನಿಗೂ ತಿಳಿಸುತ್ತಿರಬೇಕು, ಸಲ್ಲಬೇಕಾದ ಮೆಚ್ಚುಗೆಯನ್ನು ಸಲ್ಲಿಸಬೇಕು, ಅವರನ್ನು ಬಾಧಿಸುವ ಬದಲಾವಣೆಗಳನ್ನು ಮುಂಚಿತವಾಗಿ ಹೇಳಬೇಕು, ಪ್ರತಿಯೊಬ್ಬನ ಶಕ್ತಿಯೂ ವ್ಯರ್ಥವಾಗದಂತೆ ಉಪಯೋಗಿಸಿಕೊಳ್ಳಬೇಕು.

ಹಾಗಾದರೆ ಏನಾದರೂ ಹೇಳುತ್ತಿದ್ದರೆ ಸಾಕೇ? ಸಾಲದು. 1996ರಲ್ಲಿ ಕ್ಲೂಗರ್ ಮತ್ತು ಡೆನಿಸಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು, ಅದುವರೆಗೆ ನಡೆದಿದ್ದ ಸಂಶೋಧನೆಗಳಿಂದ 600ಕ್ಕೂ ಹೆಚ್ಚು ಹೋಲಿಕೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಕೆಲಸದ ಗುಣದೋಷಗಳನ್ನು ತಿಳಿಸುವುದರಿಂದ ಸರಾಸರಿಯಲ್ಲಿ ಕೆಲಸ ಸುಧಾರಿಸಿತ್ತೆಂಬುದು ನಿಜ. ಆದರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಸಂದರ್ಭಗಳಲ್ಲಿ ಕೆಲಸ ಮೊದಲಿಗಿಂತ ಕೆಟ್ಟಿತ್ತು! ಏಕೆಂಬುದಕ್ಕೆ ಅವರು ಕೊಟ್ಟ ವಿವರಣೆಯ ತಿರುಳು ಇಷ್ಟು: ಮಾತು ಕೇಳುವವನ ಗಮನವನ್ನು ಕೆಲಸದ ಮೇಲೆ ನಿಲ್ಲಿಸಿದರೆ ಕೆಲಸ ಸುಧಾರಿಸುತ್ತದೆ, ಗಮನವನ್ನು ಅವನ ಮೇಲೆಯೇ ತಿರುಗಿಸಿದರೆ ಪ್ರಯೋಜನ ಕುಗ್ಗುತ್ತದೆ. ‘ನಾನು ದಡ್ಡನೇ? ಇವರು ನನ್ನನ್ನು ಏನೆಂದು ತಿಳಿದಿದ್ದಾರೆ?’ ಎಂದು ಒಳಗೊಳಗೇ ಕುದಿಯುವ ಮನಸ್ಸಿಗೆ ಪೀಠದ ಮೇಲಿನ ಚೂರು ಕಾಣುವುದಾದರೂ ಹೇಗೆ?

ಈ ತತ್ತ್ವವನ್ನು ದಿನಬಳಕೆಗೆ ತರುವ ಬಗೆಯನ್ನು ಈಗ ನೋಡೋಣ. ಹಸಿರುಮನೆಯಲ್ಲಿ ಗುಲಾಬಿ ಕೊಯ್ಯುವವರ ಮೇಲ್ವಿಚಾರಣೆ ನೋಡುವ ತಾಯಿಯೊಬ್ಬರು, ‘ಏನಮ್ಮಾ, ಸರಿಯಾಗಿ ಕೊಯ್ಯಬಾರದೆ?’ ಎಂದರೆ ಕೇಳಿದವಳಿಗೆ ತಿಳಿಯುವುದು ಅವರ ಸಿಟ್ಟು ಮಾತ್ರ. ಅದರ ಬದಲು, ‘ಬೆಳಗ್ಗೆ ನೀನು ಕೊಯ್ದ ಕಟ್ಟಿನಲ್ಲಿ ನಾಲ್ಕು ಹೂ ಆಗಲೇ ಅರಳಿದ್ದುವು. ಅಂಥವು ಪೆಟ್ಟಿಗೆಯಲ್ಲಿ ಊರು ಮುಟ್ಟುವಷ್ಟರಲ್ಲಿ ಬಾಡುತ್ತವೆ. ಇಗೋ, ಹೊರಗಿನ ಎಸಳು ಹೀಗೆ ಬಿಡಿಸಿಕೊಳ್ಳತೊಡಗಿದಾಗಲೇ ಕೊಯ್ಯಬೇಕು’ ಎಂದು ಎರಡು ಹೂಗಳನ್ನು ಪಕ್ಕ ಪಕ್ಕದಲ್ಲಿ ಹಿಡಿದು ತೋರಿಸಿದರೆ ಅವಳ ಕೈಗೆ ಒಂದು ಅಳತೆ ಸಿಕ್ಕಿದಂತಾಗುತ್ತದೆ. ಯಾವಾಗ ಎಲ್ಲಿ ನಡೆಯಿತು, ಕಣ್ಣಿಗೆ ಕಂಡದ್ದೇನು, ಅದರಿಂದ ಆದದ್ದೇನು, ಮುಂದೆ ಹೇಗಿರಬೇಕು ಎಂಬ ನಾಲ್ಕು ಅಂಶಗಳು ಈ ಮಾತಿನಲ್ಲಿವೆ. ‘ನೀನು ಸೋಮಾರಿ’, ‘ನಿನಗೆ ಶ್ರದ್ಧೆಯಿಲ್ಲ’ ಎಂಬುವು ಕಣ್ಣಿಗೆ ಕಂಡ ವಿಷಯಗಳಲ್ಲ, ನಾವು ಊಹಿಸಿಕೊಂಡವು. ‘ಈ ವಾರ ಮೂರು ದಿನ ಪಾಳಿಗೆ ಹದಿನೈದು ನಿಮಿಷ ತಡವಾಗಿ ಬಂದೆ’ ಎಂಬುದು ಕಂಡ ವಿಷಯ. ಮೊದಲನೆಯದಕ್ಕೆ ಉತ್ತರ ಜಗಳ. ಎರಡನೆಯದಕ್ಕೆ ಉತ್ತರ ಕಾರಣ.

ಕಾರಣವೆಂದಾಗ ಮತ್ತೊಂದು ಮಾತು ನೆನಪಾಗುತ್ತದೆ. ತೀರ್ಪು ಕೊಡುವ ಮುಂಚೆ ಕೇಳುವುದು ಅವಶ್ಯಕ. 1950ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಕೈಗಾರಿಕೋದ್ಯಮಿಗಳಿಗೆ ಗುಣಮಟ್ಟದ ವಿಷಯವಾಗಿ ಉಪನ್ಯಾಸ ಮಾಡಿದ ಡೆಮಿಂಗ್ ಎಂಬ ಅಮೆರಿಕನ್ ಸಂಖ್ಯಾಶಾಸ್ತ್ರಜ್ಞರು, ಕೆಲಸದಲ್ಲಿ ಕಾಣುವ ದೋಷಗಳಲ್ಲಿ ಬಹುಪಾಲು ವ್ಯವಸ್ಥೆಗೆ ಸೇರಿದವೇ ಹೊರತು ಕೆಲಸಗಾರನಿಗೆ ಸೇರಿದವಲ್ಲವೆಂದು ಜೀವಮಾನವಿಡೀ ಸಾರಿದರು. ಉಪಕರಣ ಸವೆದಿರಬಹುದು, ಸಾಮಾನು ಕಳಪೆಯಿರಬಹುದು, ಬಸ್ಸಿನ ವೇಳೆ ಬದಲಾಗಿರಬಹುದು, ಇಬ್ಬರು ಮೇಲಧಿಕಾರಿಗಳು ಎರಡು ಬಗೆಯ ಆಜ್ಞೆ ಕೊಟ್ಟಿರಬಹುದು. ‘ಇದು ಹೀಗೇಕಾಯಿತು? ನಿನಗೆ ಏನು ತೋರುತ್ತದೆ?’ ಎಂದು ಮೊದಲು ಕೇಳುವವನು ಅರ್ಧ ದೋಷವನ್ನು ಅಲ್ಲಿಯೇ ಕಂಡುಹಿಡಿಯುತ್ತಾನೆ. ತಾನಾಗಿಯೇ ಕಂಡುಕೊಂಡ ಕಾರಣವನ್ನು ಕೆಲಸಗಾರನು ಮರೆಯುವುದೂ ಇಲ್ಲ.

ಸ್ಥಳ, ಕಾಲಗಳ ವಿವೇಚನೆಯೂ ಬೇಕು. ತಪ್ಪನ್ನು ತಡಮಾಡದೆ, ಆದರೆ ನಾಲ್ಕು ಜನರಿಂದ ದೂರ ಕರೆದು ಹೇಳಬೇಕು. ಯಂತ್ರಕ್ಕೆ ಕೈ ಸಿಕ್ಕುವಂತಿದ್ದರೆ ಕೂಗಿ ತಡೆಯಬೇಕು, ವಿದ್ಯುತ್ತನ್ನು ನಿಲ್ಲಿಸಬೇಕು. ಆಗ ಮರ್ಯಾದೆಯ ಪ್ರಶ್ನೆಯಿಲ್ಲ, ಪ್ರಾಣದ ಪ್ರಶ್ನೆ. ವಿವರಣೆ ಆಮೇಲೆ. ಒಂದು ಸಲಕ್ಕೆ ಒಂದೇ ವಿಷಯವನ್ನು ತಿದ್ದಬೇಕು. ಆರು ತಿಂಗಳ ತಪ್ಪುಗಳನ್ನೆಲ್ಲ ಗಂಟು ಕಟ್ಟಿಟ್ಟುಕೊಂಡು ಒಂದೇ ದಿನ ಬಿಚ್ಚಿ ಸುರಿದರೆ ಯಾವುದನ್ನು ಎತ್ತಿಕೊಳ್ಳಬೇಕೆಂದು ಕೇಳುವವನಿಗೆ ತೋಚದು. ಕೊನೆಯಲ್ಲಿ, ಏನು ಮಾಡಬೇಕೆಂಬುದನ್ನು ಇಬ್ಬರೂ ಒಪ್ಪಿಕೊಂಡು, ಯಾವ ದಿನ ಮತ್ತೆ ನೋಡುವುದೆಂದು ಗೊತ್ತುಮಾಡಬೇಕು. ಆ ದಿನ ತಪ್ಪದೆ ಹೋಗಿ ನೋಡಬೇಕು. ಹೇಳಿ ಮರೆತುಬಿಡುವವನ ಮಾತಿಗೆ ಬೆಲೆಯಿರುವುದಿಲ್ಲ.

ಮೆಚ್ಚುಗೆಯ ವಿಷಯದಲ್ಲಿಯೂ ಸ್ಪಷ್ಟತೆ ಅಗತ್ಯ. ‘ಭೇಷ್’ ಎಂಬುದು ಕಿವಿಗೆ ಇಂಪು; ಆದರೆ ಯಾವುದಕ್ಕೆ ಭೇಷ್ ಎಂದು ತಿಳಿಯದೆ ಹೋದರೆ ಅದನ್ನು ನಾಳೆ ಮತ್ತೆ ಮಾಡುವುದು ಹೇಗೆ? ‘ಐದೂ ಸರಿಯಾಗಿವೆ, ಪೀಠ ಒರಸಿದ್ದರ ಫಲ ಇದು’ ಎಂಬ ಮಾತಿನಲ್ಲಿ ಮೆಚ್ಚುಗೆಯೂ ಇದೆ, ಪಾಠವೂ ಇದೆ. ಇನ್ನು ಕೆಲವರು ಒಂದು ಹೊಗಳಿಕೆ, ಒಂದು ತೆಗಳಿಕೆ, ಮತ್ತೊಂದು ಹೊಗಳಿಕೆ ಎಂದು ಬೇವನ್ನು ಬೆಲ್ಲದಲ್ಲಿ ಸುತ್ತಿ ಕೊಡುವುದುಂಟು. ಯುಗಾದಿಯ ದಿನ ಅದು ಶೋಭಿಸುತ್ತದೆ. ಪ್ರತಿ ದಿನವೂ ಹಾಗೆ ಮಾಡಿದರೆ ಬೆಲ್ಲ ಕಂಡೊಡನೆ ಕೆಲಸಗಾರನು ಬೇವು ಎಲ್ಲಿದೆಯೆಂದು ಹುಡುಕತೊಡಗುತ್ತಾನೆ. ಮೆಚ್ಚುಗೆಯನ್ನು ಮೆಚ್ಚುಗೆಯಾಗಿಯೂ ತಿದ್ದುಪಡಿಯನ್ನು ತಿದ್ದುಪಡಿಯಾಗಿಯೂ ಹೇಳುವುದೇ ಲೇಸು.

ಮೃದುವಾಗಿ ಮಾತನಾಡಬೇಕೆಂದರೆ ಸುಮ್ಮನಿರಬೇಕೆಂದು ಅರ್ಥವಲ್ಲ. ನೋಯಿಸಬಾರದೆಂದು ವರ್ಷವಿಡೀ ‘ಪರವಾಗಿಲ್ಲ, ಪರವಾಗಿಲ್ಲ’ ಎನ್ನುತ್ತಿದ್ದು, ವರ್ಷದ ಕೊನೆಗೆ ‘ನಿನ್ನ ಕೆಲಸ ಸಾಲದು’ ಎಂದು ಮನೆಗೆ ಕಳುಹಿಸುವ ಯಜಮಾನರಿದ್ದಾರೆ. ಇದು ಬೈಗುಳಕ್ಕಿಂತ ದೊಡ್ಡ ಕ್ರೌರ್ಯವೆಂದು ನನ್ನ ಭಾವನೆ. ಬೈಸಿಕೊಂಡವನಿಗೆ ಏನೋ ತಪ್ಪಿದೆಯೆಂಬುದಾದರೂ ತಿಳಿಯುತ್ತದೆ. ಇವನಿಗೆ ಅದೂ ತಿಳಿಯಲಿಲ್ಲ, ತಿದ್ದಿಕೊಳ್ಳುವ ಅವಕಾಶವೂ ದೊರೆಯಲಿಲ್ಲ. ಒಬ್ಬನ ಕೆಲಸದಲ್ಲಿರುವ ಕೊರತೆಯನ್ನು ಕಾಲಕ್ಕೆ ಸರಿಯಾಗಿ, ನೇರವಾಗಿ, ಅವನು ತಿದ್ದಿಕೊಳ್ಳಬಲ್ಲನೆಂಬ ನಂಬಿಕೆಯಿಂದ ಹೇಳುವುದು ಅವನಿಗೆ ಸಲ್ಲಿಸುವ ಗೌರವ.

ಇಲ್ಲಿ ಹಿರಿಯರೊಬ್ಬರು ಎದ್ದು, ‘ಸ್ವಾಮಿ, ನಾವೆಲ್ಲ ಬೈಸಿಕೊಂಡೇ, ಏಟು ತಿಂದೇ ಕಲಿತೆವು, ದಂಡಂ ದಶಗುಣಂ ಎಂದು ದೊಡ್ಡವರು ಹೇಳಿಲ್ಲವೆ?’ ಎಂದು ಕೇಳಬಹುದು. ಈ ಪ್ರಶ್ನೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಎರಡು ಸಂಗತಿಗಳನ್ನು ಆಲೋಚಿಸಬೇಕು. ಬೈದ ಗುರುಗಳು ಬೈಯುವುದರ ಜೊತೆಗೆ ಪಕ್ಕದಲ್ಲಿ ಕುಳಿತು ಮಾಡಿ ತೋರಿಸಿದರು; ನೀವು ಕಲಿತದ್ದು ಆ ತೋರಿಸಿದುದರಿಂದ. ಎರಡನೆಯದಾಗಿ, ಬೈಸಿಕೊಂಡು ನಿಂತವರು ಇಂದು ಇಲ್ಲಿ ಕುಳಿತು ಆ ಮಾತನ್ನು ಹೇಳುತ್ತಿದ್ದೀರಿ. ಬೈಸಿಕೊಂಡು ಬಿಟ್ಟುಹೋದವರು ಈ ಸಭೆಗೆ ಬಂದಿಲ್ಲ. ಅವರಲ್ಲಿ ಎಷ್ಟು ಮಂದಿ ಒಳ್ಳೆಯ ಕುಶಲಕರ್ಮಿಗಳಾಗಬಹುದಾಗಿತ್ತೋ ಲೆಕ್ಕವಿಟ್ಟವರಾರು? ಶಾಲೆಗಳ ಮಟ್ಟಿಗಂತೂ 2009ರ ಶಿಕ್ಷಣ ಹಕ್ಕಿನ ಕಾಯಿದೆಯು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಈಗ ಪಾಲಕರಿಗೆ ಒಂದು ಮಾತು. ನೀವು ಕಾರ್ಖಾನೆಯಲ್ಲಿ ಎಂಥ ಮೇಲ್ವಿಚಾರಕನನ್ನು ಬಯಸುತ್ತೀರೋ ಅಂಥವರೇ ಮನೆಯಲ್ಲಿ ನಿಮ್ಮ ಮಕ್ಕಳಿಗೂ ಆಗಬೇಕು. ಪ್ರಗತಿಪತ್ರ ಕೈಗೆ ಬಂದೊಡನೆ ನಮ್ಮ ಕಣ್ಣು ಅಂಕಗಳ ಮೇಲೆ ಬೀಳುತ್ತದೆ. 1988ರಲ್ಲಿ ರೂತ್ ಬಟ್ಲರ್ ಎಂಬ ವಿದುಷಿಯು ಇಸ್ರೇಲಿನ ಐದು, ಆರನೆಯ ತರಗತಿಯ ಮಕ್ಕಳಲ್ಲಿ ಒಂದು ಪರೀಕ್ಷೆ ನಡೆಸಿದರು. ಕೆಲವರಿಗೆ ಅಂಕಗಳನ್ನು ಮಾತ್ರ, ಕೆಲವರಿಗೆ ಕೆಲಸವನ್ನು ಕುರಿತ ಟಿಪ್ಪಣಿಯನ್ನು ಮಾತ್ರ, ಮತ್ತೆ ಕೆಲವರಿಗೆ ಎರಡನ್ನೂ ಕೊಟ್ಟರು. ಟಿಪ್ಪಣಿಯನ್ನು ಮಾತ್ರ ಪಡೆದವರ ಕೆಲಸವೂ ಆಸಕ್ತಿಯೂ ಹೆಚ್ಚಿದುವು. ಅಂಕ ಮತ್ತು ಟಿಪ್ಪಣಿ ಎರಡನ್ನೂ ಪಡೆದವರಿಗೆ ಆ ಪ್ರಯೋಜನ ದೊರೆಯಲಿಲ್ಲ. ಅಂಕ ಕಂಡ ಮೇಲೆ ಟಿಪ್ಪಣಿಯ ಕಡೆ ಮನಸ್ಸು ಹೋಗಲಿಲ್ಲವೆಂದು ಊಹಿಸಬಹುದು. ಅಂಕಗಳಿಲ್ಲದೆ ಇಂದಿನ ಶಾಲೆ ನಡೆಯದು, ನಿಜ. ಆದರೆ ಅಂಕ ನೋಡಿದ ಮೇಲೆ ಉತ್ತರ ಪತ್ರಿಕೆಯನ್ನು ತೆರೆದು, ‘ಈ ಲೆಕ್ಕದಲ್ಲಿ ಎಲ್ಲಿಯವರೆಗೆ ಸರಿಯಾಗಿ ಬಂದಿದ್ದೀಯೆ, ಎಲ್ಲಿ ತಪ್ಪಿತು, ತೋರಿಸು ನೋಡೋಣ’ ಎಂದು ಕೇಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ನಿಮಗೆ ಆ ಲೆಕ್ಕ ಬಾರದಿದ್ದರೂ ಚಿಂತೆಯಿಲ್ಲ. ನಿಮಗೆ ವಿವರಿಸುವಾಗಲೇ ಮಗುವಿಗೆ ತನ್ನ ತಪ್ಪು ಕಾಣುತ್ತದೆ. ‘ಪಕ್ಕದ ಮನೆಯವನು ನಿನಗಿಂತ ಜಾಣ’ ಎಂಬ ಮಾತಿನಿಂದ ಯಾವ ಲೆಕ್ಕವೂ ಬಿಡಿಸಿದಂತಾಗುವುದಿಲ್ಲ.

ಪ್ರಿಯ ವಿದ್ಯಾರ್ಥಿಗಳೆ, ಕೊನೆಯ ಮಾತು ನಿಮಗೆ. ತಿದ್ದುವುದು ಒಂದು ವಿದ್ಯೆಯಾದರೆ ತಿದ್ದಿಸಿಕೊಳ್ಳುವುದೂ ಒಂದು ವಿದ್ಯೆ. ನೀವು ಕೆಲಸಕ್ಕೆ ಹೋದಾಗ ಎಲ್ಲರೂ ಮೇಜಿನ ಮೇಲೆ ಮೂರು ತುಂಡುಗಳನ್ನು ಜೋಡಿಸಿ ತೋರಿಸುವವರೇ ಸಿಕ್ಕುವುದಿಲ್ಲ. ಯಾರಾದರೂ ‘ಸರಿಯಾಗಿ ಮಾಡು’ ಎಂದಷ್ಟೇ ಗದರಿದರೆ ಮುಖ ಗಂಟಿಕ್ಕಿಕೊಳ್ಳದೆ, ‘ಸಾರ್, ಯಾವ ಜಾಗದಲ್ಲಿ ತಪ್ಪಿದೆ? ಹೇಗಿದ್ದರೆ ಸರಿ? ಒಂದು ಸಲ ಮಾಡಿ ತೋರಿಸುತ್ತೀರಾ?’ ಎಂದು ವಿನಯದಿಂದ ಕೇಳಿ. ಬಹುಮಟ್ಟಿಗೆ ಸಿಟ್ಟಿನ ಮನುಷ್ಯನೂ ಈ ಪ್ರಶ್ನೆಗೆ ಉತ್ತರ ಕೊಡುತ್ತಾನೆ. ಹೇಳಿದುದನ್ನು ಚಿಕ್ಕ ಪುಸ್ತಕದಲ್ಲಿ ಕನ್ನಡದಲ್ಲಿಯೇ ಬರೆದಿಟ್ಟುಕೊಳ್ಳಿ; ನಿಮಗೆ ಚೆನ್ನಾಗಿ ತಿಳಿಯುವ ಭಾಷೆಯಲ್ಲಿ ಬರೆದದ್ದು ಕೈಗೆ ಬೇಗ ಇಳಿಯುತ್ತದೆ. ಜೊತೆಗೆ ತಮಿಳನ್ನೂ ಇಂಗ್ಲಿಷನ್ನೂ ಕಲಿಯಿರಿ. ನಾಲ್ಕು ಭಾಷೆಗಳು ಬೆರೆಯುವ ಊರಿನಲ್ಲಿ ಹುಟ್ಟಿದ್ದು ನಿಮ್ಮ ಭಾಗ್ಯ. ಒರಟು ಮಾತಿನಲ್ಲಿ ಒಂದು ಕಾಳು ಸತ್ಯವಿದ್ದರೆ ಹೊಟ್ಟನ್ನು ತೂರಿ ಕಾಳನ್ನು ಇಟ್ಟುಕೊಳ್ಳಿ.

ಆದರೆ ಜಾತಿಯನ್ನೋ ಊರನ್ನೋ ಭಾಷೆಯನ್ನೋ ಹಿಡಿದು ಹೀಗಳೆಯುವುದು ತಿದ್ದುವುದಲ್ಲ. ಅದನ್ನು ನುಂಗಿಕೊಳ್ಳುವುದು ವಿನಯವೂ ಅಲ್ಲ. ಅಂಥ ಸಂದರ್ಭದಲ್ಲಿ ಮೌನವಾಗಿ ಕೆಲಸ ಬಿಟ್ಟು ಬರಬೇಡಿ. ಮನೆಯಲ್ಲಿ ಹೇಳಿ, ಸಂಸ್ಥೆಯ ಹಿರಿಯ ಅಧಿಕಾರಿಗಳಿಗೆ ತಿಳಿಸಿ. ಒಪ್ಪಂದದ ಮೇಲೆ ಶಿಕ್ಷಣಾರ್ಥಿಗಳಾಗಿ ಸೇರಿದವರಿಗೆ 1961ರ ಅಪ್ರೆಂಟಿಸ್ ಕಾಯಿದೆಯ ಆಶ್ರಯವಿದೆ. ಒಪ್ಪಂದದ ವಿಷಯವಾಗಿ ಯಜಮಾನನಿಗೂ ಶಿಕ್ಷಣಾರ್ಥಿಗೂ ಭಿನ್ನಾಭಿಪ್ರಾಯ ಬಂದರೆ ಅದನ್ನು ಅಪ್ರೆಂಟಿಸ್ ಸಲಹಾಧಿಕಾರಿಯ ಮುಂದೆ ಇಡಬಹುದು. ನಮ್ಮ ಶಾಲೆಯ ಬಾಗಿಲೂ ನಿಮಗೆ ಸದಾ ತೆರೆದಿದೆ.

ಮಹನೀಯರೆ, ಒಂದು ಕೋರಿಕೆಯನ್ನು ನಿಮ್ಮ ಮುಂದಿಟ್ಟು ಮುಗಿಸುತ್ತೇನೆ. ನಾಳೆ ಬೆಳಗ್ಗೆ ನೀವು ನಿಮ್ಮ ನಿಮ್ಮ ಕೆಲಸದ ಸ್ಥಳಗಳಿಗೆ ಹೋದಾಗ, ನಿಮ್ಮ ಕೈಕೆಳಗಿನವರಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಬೈಸಿಕೊಳ್ಳುವವನು ಯಾರೆಂದು ನೆನೆಯಿರಿ. ಅವನ ಬಳಿ ಹತ್ತು ನಿಮಿಷ ನಿಂತು, ಬಾಯಿ ತೆರೆಯುವ ಮುಂಚೆ ಅವನು ಕೆಲಸ ಮಾಡುವುದನ್ನು ನೋಡಿ. ಅವನು ಸರಿಯಾಗಿ ಮಾಡುತ್ತಿರುವ ಒಂದನ್ನು ಅವನಿಗೆ ಹೇಳಿ. ತಪ್ಪುತ್ತಿರುವ ಒಂದನ್ನು ಮಾಡಿ ತೋರಿಸಿ. ನಾಡಿದ್ದು ಮತ್ತೆ ಹೋಗಿ ನೋಡಿ. ಅವನು ಯಾರ ಮನೆಯ ಮಗನೋ, ಯಾವ ಭಾಷೆಯ ಶಾಲೆಯಲ್ಲಿ ಓದಿದವನೋ, ಅವನ ದುಡಿಮೆಯನ್ನು ನಂಬಿ ಮನೆಯಲ್ಲಿ ಯಾರು ಕಾದಿದ್ದಾರೋ! ಹಾಗೆ ಮಾಡುವವರು ನಮ್ಮ ಊರಿನಲ್ಲಿ ಹೆಚ್ಚಿದಷ್ಟೂ ನಮ್ಮ ಮಕ್ಕಳು ಯಾವ ಬಾಗಿಲಿಗೆ ಹೋದರೂ ನಿಶ್ಚಿಂತೆಯಿಂದ ಒಳಗೆ ಕಾಲಿಡುವಂತಾಗುತ್ತದ���.